ದಾಸರ ದಾಸನೆಂಬ ಬಿರುದು

ವಿನಯವನ್ನು ಹೊಗಳದ ಧರ್ಮ ಲೋಕದಲ್ಲಿಲ್ಲ. ಆದರೆ ವಿನಯವನ್ನು ಒಂದು ಗುಣವೆಂದು ಹೊಗಳುವುದು ಬೇರೆ, ಅದನ್ನೇ ಅಧಿಕಾರದ ಹೆಸರನ್ನಾಗಿ ಇಟ್ಟುಕೊಳ್ಳುವುದು ಬೇರೆ. ಕ್ರೈಸ್ತ ಧರ್ಮವು ಈ ಎರಡನೆಯ ದಾರಿಯನ್ನು ಹಿಡಿಯಿತು. ಅದರ ಧರ್ಮಾಧಿಕಾರಿಗಳಿಗೆ ಸಲ್ಲುವ ಹೆಸರುಗಳ ಮೂಲವನ್ನು ವಿಚಾರಿಸಿದರೆ ಇದು ತಿಳಿಯುತ್ತದೆ. ಸುವಾರ್ತೆಗಳ ಗ್ರೀಕ್ ಭಾಷೆಯಲ್ಲಿ ಬರುವ 'ಡಯಾಕೊನೋಸ್' ಎಂಬ ಶಬ್ದಕ್ಕೆ ಊಟದ ಹೊತ್ತಿನಲ್ಲಿ ಬಡಿಸುವ ಆಳು ಎಂಬುದು ಬಳಕೆಯ ಅರ್ಥ. ಲ್ಯಾಟಿನ್ನಿನಲ್ಲಿ ಅದು 'ಮಿನಿಸ್ಟರ್' ಆಯಿತು. ಕಡಮೆ ಎಂಬರ್ಥದ 'ಮಿನುಸ್' ಅದರ ಬೇರು. ಅದಕ್ಕೆ ಎದುರಾದ ಶಬ್ದ 'ಮಾಗಿಸ್ಟರ್', ಹೆಚ್ಚಿನವನು, ಒಡೆಯ, ಗುರು. ಕಿರಿಯವನೆಂಬ ಅರ್ಥದ ಆ ಮಿನಿಸ್ಟರ್ ಎಂಬ ಶಬ್ದವನ್ನು ಇಂದು ಕೇಳಿದರೆ ನಮ್ಮ ಜನರ ಕಣ್ಣಮುಂದೆ ಬರುವವನು ಹಿಂದೆ ಮುಂದೆ ಪೊಲೀಸ್ ವಾಹನಗಳಿರುವ ಮಂತ್ರಿ. ಶಬ್ದಗಳಿಗೂ ಪದೋನ್ನತಿಯುಂಟು!

ಒಂದು ಶಬ್ದದ ಈ ಚರಿತ್ರೆಯೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ಪೀಠದ ಮೇಲೆ ಕುಳಿತವನು ಸೇವಕನಾಗಿರಬಲ್ಲನೆ? ತಾನು ಸೇವಕನೆಂದು ಅವನೇ ಹೇಳಿಕೊಂಡಾಗ ಆ ಮಾತು ನಿಜವೋ ಅಲಂಕಾರವೋ ಎಂಬುದನ್ನು ಯಾವುದರಿಂದ ತಿಳಿಯಬೇಕು? ಈ ಪ್ರಶ್ನೆಯನ್ನು ಕ್ರೈಸ್ತರ ಚರಿತ್ರೆಯಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಅನ್ಯರ ಮನೆಯ ಲೆಕ್ಕ ಹಿಡಿಯುವ ಚಪಲ ನಮಗಿಲ್ಲ. ಪೀಠಗಳಿರುವ ಎಲ್ಲ ಧರ್ಮಗಳಿಗೂ ಈ ಪ್ರಶ್ನೆಯುಂಟು. ಆದರೆ ಅದನ್ನು ಬಾಯಿಬಿಟ್ಟು ಕೇಳಿಕೊಂಡು, ಎರಡು ಸಾವಿರ ವರ್ಷ ಅದರೊಡನೆ ಸೆಣಸಿ, ಗೆದ್ದ ಹಾಗೂ ಸೋತ ಎರಡೂ ಬಗೆಯ ದಾಖಲೆಗಳನ್ನು ಉಳಿಸಿಕೊಂಡಿರುವವರು ಅವರು. ಆದುದರಿಂದ ಕಲಿಯಲು ಅಲ್ಲಿ ಬಹಳವಿದೆ.

ಯೇಸುವಿನ ಕಾಲದ ಗ್ರೀಕ್ ರೋಮನ್ ಲೋಕವು ವಿನಯವನ್ನು ಸದ್ಗುಣವೆಂದು ಎಣಿಸಿರಲಿಲ್ಲವೆಂಬುದನ್ನು ಮೊದಲು ನೆನಪಿಡಬೇಕು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಚಿತ್ರಿಸುವ ಆದರ್ಶಪುರುಷನು ಮಹಾತ್ಮನಿಜ. ಆದರೆ ಅವನು ತನ್ನ ದೊಡ್ಡಸ್ತಿಕೆಯನ್ನು ತಾನು ಬಲ್ಲವನು. ಉಪಕಾರ ಮಾಡಲು ಅವನಿಗೆ ಸಂತೋಷ, ಪಡೆಯಲು ನಾಚಿಕೆ. ತಗ್ಗಿದವನು ಎಂಬುದಕ್ಕೆ ಗ್ರೀಕರಲ್ಲಿದ್ದ ಶಬ್ದವು ಗುಲಾಮನಿಗೂ ಹೇಡಿಗೂ ಒಪ್ಪುವ ಬೈಗುಳಾಗಿತ್ತು. ದೂಳಿನ ದಾರಿಯಲ್ಲಿ ಚಪ್ಪಲಿ ಮೆಟ್ಟಿ ಬಂದ ಅತಿಥಿಯ ಕಾಲು ತೊಳೆಯುವುದು ಮನೆಯ ಗುಲಾಮರಲ್ಲಿಯೂ ಕಡೆಯವರ ಕೆಲಸ. ಹೀಬ್ರೂ ಜನದ ಗುಲಾಮನಿಂದ ಈ ಕೆಲಸವನ್ನು ಮಾಡಿಸಕೂಡದೆಂದು ಯೆಹೂದ್ಯರ ಪ್ರಾಚೀನ ವ್ಯಾಖ್ಯಾನವೊಂದು ಹೇಳುತ್ತದೆ. ಗುಲಾಮನಿಗೂ ಒಂದು ಮಾನವಿದೆ, ಅದಕ್ಕಿಂತ ಕೆಳಗೆ ಅವನನ್ನು ಇಳಿಸಬಾರದೆಂಬುದು ಅದರ ಭಾವ.

ಈ ಹಿನ್ನೆಲೆಯಲ್ಲಿ ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ಓದಬೇಕು. ಕಡೆಯ ಭೋಜನದ ರಾತ್ರಿ. ಉಳಿದ ಮೂರು ಸುವಾರ್ತೆಗಳು ಆ ಭೋಜನದ ರೊಟ್ಟಿ ಹಾಗೂ ದ್ರಾಕ್ಷಾರಸದ ಸಂಗತಿಯನ್ನು ಹೇಳುತ್ತವೆ. ಯೋಹಾನನು ಅದನ್ನು ಬಿಟ್ಟು, ಬೇರೆ ಯಾರೂ ಹೇಳದ ಸಂಗತಿಯೊಂದನ್ನು ಹೇಳುತ್ತಾನೆ. ಯೇಸು ಊಟದಿಂದೆದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಗೆ ನೀರು ಸುರಿದು, ಶಿಷ್ಯರ ಕಾಲುಗಳನ್ನು ತೊಳೆದು ಒರೆಸತೊಡಗಿದನು. ಪೇತ್ರನ ಸರದಿ ಬಂದಾಗ ಅವನು ಒಪ್ಪಲಿಲ್ಲ. ತನ್ನ ಕಾಲನ್ನು ಗುರುವು ಎಂದೆಂದಿಗೂ ತೊಳೆಯಕೂಡದೆಂದು ಹಟ ಹಿಡಿದನು.

ಪೇತ್ರನ ಸಂಕಟವು ನಮ್ಮ ವಾಚಕರಿಗೆ ಅರ್ಥವಾಗುವಷ್ಟು ಬಹುಶಃ ಪಾಶ್ಚಾತ್ಯ ವಾಚಕನಿಗೆ ಅರ್ಥವಾಗಲಾರದು. ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಸ್ವೀಕರಿಸಿದವರು ನಾವು. ಅಲ್ಲಿ ನೀರು ಹರಿಯುವ ದಿಕ್ಕು ಗುರುಜಂಗಮರ ಪಾದದಿಂದ ಭಕ್ತನೆಡೆಗೆ. ಗುರುವೇ ಕೆಳಗೆ ಕುಳಿತು ಶಿಷ್ಯನ ಹಿಮ್ಮಡಿಯ ಕೊಳೆಯನ್ನು ಉಜ್ಜಲು ಬಂದರೆ ನಿಷ್ಠಾವಂತ ಶಿಷ್ಯನು ಕಾಲನ್ನು ಹಿಂದಕ್ಕೆಳೆದುಕೊಳ್ಳದೆ ಏನು ಮಾಡಿಯಾನು? ಪೇತ್ರನ ನಿರಾಕರಣೆಯಲ್ಲಿ ಭಕ್ತಿಯಿದೆ. ಆದರೆ ಸೂಕ್ಷ್ಮವಾಗಿ ನೋಡಿದರೆ ಅದರಲ್ಲಿ ಇನ್ನೊಂದು ಎಳೆಯೂ ಇದೆ. ಗುರುವು ಮೇಲೆ, ನಾನು ಕೆಳಗೆ ಎಂಬ ಏಣಿಯು ಭದ್ರವಾಗಿದ್ದರೆ ಮಾತ್ರ ನಾಳೆ ನನ್ನ ಕೆಳಗೆ ಇನ್ನೊಬ್ಬನು ನಿಲ್ಲುತ್ತಾನೆ. ಗುರುವೇ ಏಣಿಯಿಂದಿಳಿದು ಬಂದರೆ ನನ್ನ ಮೆಟ್ಟಿಲು ಎಲ್ಲಿ ಉಳಿಯಿತು? ಸೇವೆ ಮಾಡುವುದಕ್ಕಿಂತ ಸೇವೆಯನ್ನು ಪಡೆಯುವುದು ಕಠಿನವೆಂಬ ಅನುಭವವು ಇಲ್ಲಿ ಮೊದಲ ಬಾರಿಗೆ ಮಾತು ಪಡೆದಿದೆ.

ಈ ಪ್ರಸಂಗದಲ್ಲಿ ಸಾಮಾನ್ಯವಾಗಿ ಕಣ್ತಪ್ಪುವ ಎರಡು ಅಂಶಗಳಿವೆ. ಪೇತ್ರನ ನಿರಾಕರಣೆಯನ್ನು ಗುರುವು ಕೇಳಿಸಿಕೊಂಡನು, ಅದಕ್ಕೆ ಉತ್ತರವನ್ನೂ ಕೊಟ್ಟನು. ಬಲಾತ್ಕಾರದಿಂದ ಯಾರ ಕಾಲನ್ನೂ ಹಿಡಿದೆಳೆಯಲಿಲ್ಲ. ಪೇತ್ರನು ಮನಸ್ಸು ತಿರುಗಿಸಿ ಒಪ್ಪಿದ ಮೇಲೆಯೇ ನೀರು ಬಿತ್ತು. ಇನ್ನೊಂದು, ತಾನು ಗುರು ಹಾಗೂ ಒಡೆಯನೆಂದು ಶಿಷ್ಯರು ಕರೆಯುವುದನ್ನು ಯೇಸು ಅಲ್ಲಗಳೆಯಲಿಲ್ಲ. ಅದು ಸರಿಯೆಂದೇ ಒಪ್ಪಿಕೊಂಡನು. ತಾನೇನೂ ಅಲ್ಲ, ತಾನು ಅಲ್ಪನು ಎಂಬ ಬಾಯಿಮಾತಿನ ವಿನಯ ಅಲ್ಲಿ ಒಂದಿಷ್ಟೂ ಇಲ್ಲ. ಇರುವ ಅಧಿಕಾರವನ್ನು ಇದೆಯೆಂದು ಒಪ್ಪಿ, ಆ ಅಧಿಕಾರದ ಕೈಯಿಂದಲೇ ಕಾಲು ತೊಳೆದನು. ತೊಳೆಸಿಕೊಂಡವರಲ್ಲಿ ಅದೇ ರಾತ್ರಿ ಎದ್ದುಹೋಗಿ ಅವನನ್ನು ಹಿಡಿದುಕೊಡಲಿದ್ದ ಯೂದನೂ ಇದ್ದನು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಜರ್ಮನಿಯ ನೀಚೆಯು 1887ರಲ್ಲಿ ಪ್ರಕಟಿಸಿದ ನೀತಿಯ ವಂಶಾವಳಿಯನ್ನು ಕುರಿತ ಗ್ರಂಥದಲ್ಲಿ ಕ್ರೈಸ್ತರ ವಿನಯವು ಗುಲಾಮರ ನೀತಿ, ಬಲಹೀನರು ತಮ್ಮ ಅಸಹಾಯಕತೆಗೆ ಕೊಟ್ಟುಕೊಂಡ ಚೆಲುವಾದ ಹೆಸರು ಎಂದು ವಾದಿಸಿದನು. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಒಡೆಯರು ತಮ್ಮ ನೀಗ್ರೋ ಗುಲಾಮರಿಗೆ ಬೋಧಿಸಲು ಆರಿಸಿಕೊಳ್ಳುತ್ತಿದ್ದುದು ವಿಧೇಯತೆಯ ವಾಕ್ಯಗಳನ್ನೇ. ಆದರೆ ಸುವಾರ್ತೆಯಲ್ಲಿ ವಿನಯದ ಬೋಧೆ ಯಾರಿಗೆ ಆಯಿತೆಂಬುದನ್ನು ನೋಡಬೇಕು. ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ಬಲಗಡೆ ಎಡಗಡೆಯ ಆಸನಗಳನ್ನು ಕೇಳಿಕೊಂಡು ಬಂದಾಗ ಆ ಬೋಧೆ ಆಯಿತು. (ಮತ್ತಾಯನ ಪ್ರಕಾರ ಕೇಳಲು ಬಂದವಳು ಅವರ ತಾಯಿ. ಮಕ್ಕಳಿಗೆ ಸ್ಥಾನಮಾನ ಕೇಳುವ ತಾಯಂದಿರು ಎಲ್ಲ ಕಾಲದಲ್ಲಿಯೂ ಇದ್ದಾರೆ.) ಜನಾಂಗಗಳ ಅರಸರು ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಎಂಬ ಅರ್ಥದ ಮಾತು ಹೊರಟಿದ್ದು ಆಸನಾಕಾಂಕ್ಷಿಗಳನ್ನು ಉದ್ದೇಶಿಸಿ. ವಿನಯವು ಬಲವುಳ್ಳವನಿಗೆ ಹೇಳಿದ ಔಷಧ. ಅದನ್ನು ಬಲವಿಲ್ಲದವನ ಗಂಟಲಿಗೆ ಸುರಿದವರ ತಪ್ಪನ್ನು ಔಷಧದ ಮೇಲೆ ಹೊರಿಸಲಾಗದು. ನೀಚೆಯು ಕಂಡದ್ದು ಆ ದುರುಪಯೋಗವನ್ನು. ಅದನ್ನು ಅವನು ಚೆನ್ನಾಗಿಯೇ ಕಂಡನು.

ಇನ್ನು ಚರಿತ್ರೆಗೆ ಬರೋಣ. ಕ್ರಿ.ಶ. 590ರಲ್ಲಿ ರೋಮ್ ನಗರವು ಪ್ಲೇಗಿನಿಂದ ಬಳಲುತ್ತಿದ್ದಾಗ ಗ್ರೆಗರಿ ಎಂಬ ಸನ್ಯಾಸಿಯನ್ನು ಪೋಪ್ ಪದವಿಗೆ ಆರಿಸಿದರು. ಶ್ರೀಮಂತ ಮನೆತನದವನು, ಪೂರ್ವಾಶ್ರಮದಲ್ಲಿ ನಗರದ ಮುಖ್ಯಾಧಿಕಾರಿಯಾಗಿದ್ದವನು. ತನ್ನ ಸ್ವಂತ ಮನೆಯನ್ನೇ ಮಠವನ್ನಾಗಿ ಮಾಡಿದವನು. ಅದೇ ಕಾಲದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಾಧ್ಯಕ್ಷನಾಗಿದ್ದ ಯೋಹಾನನು ವಿಶ್ವಕ್ಕೆಲ್ಲ ತಾನು ಗುರುವೆಂಬ ಅರ್ಥ ಬರುವ ಬಿರುದನ್ನು ಬಳಸುತ್ತಿದ್ದನು. ಈ ಯೋಹಾನನಿಗೆ ಉಪವಾಸಿ ಎಂಬ ಅಡ್ಡಹೆಸರು ಬೇರೆ ಇತ್ತು; ಉಪವಾಸ ಮಾಡುವವರಿಗೂ ಬಿರುದಿನ ಹಸಿವು ಇರಬಹುದು. ಗ್ರೆಗರಿಯು ಇದನ್ನು ಉಗ್ರವಾಗಿ ಖಂಡಿಸಿ ಪತ್ರಗಳನ್ನು ಬರೆದನು. ಅಷ್ಟಕ್ಕೇ ನಿಂತಿದ್ದರೆ ಅದನ್ನು ಎರಡು ಪೀಠಗಳ ಜಗಳವೆಂದು ಬಿಡಬಹುದಾಗಿತ್ತು. ಆದರೆ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನು ಗ್ರೆಗರಿಯನ್ನೇ ಅಂಥ ಬಿರುದಿನಿಂದ ಸಂಬೋಧಿಸಿ ಬರೆದಾಗ ಗ್ರೆಗರಿಯು ಅದನ್ನು ಸ್ವೀಕರಿಸಲಿಲ್ಲ. ತನ್ನ ಸೋದರರ ಗೌರವಕ್ಕೆ ಕೊರತೆ ತರುವ ಗೌರವವು ತನಗೆ ಗೌರವವೇ ಅಲ್ಲವೆಂದು ಉತ್ತರಿಸಿದನು. ತನ್ನನ್ನು ಅವನು ದೇವರ ದಾಸರ ದಾಸನೆಂದು ಕರೆದುಕೊಂಡನು.

ಮುಂದೆ ಆದದ್ದು ವಿಚಿತ್ರ. ಬಿರುದಿಗೆ ವಿರುದ್ಧವಾಗಿ ಹುಟ್ಟಿದ ಆ ಮಾತೇ ಬಿರುದಾಯಿತು. ರೋಮಿನ ಪೀಠದ ಶಾಸನಪತ್ರಗಳು ಅದರಿಂದಲೇ ಆರಂಭವಾಗುವ ವಾಡಿಕೆ ಬಂತು. 1077ರ ಜನವರಿಯ ಚಳಿಯಲ್ಲಿ ಕನೋಸ್ಸದ ಕೋಟೆಯ ಹೊರಗೆ ಜರ್ಮನಿಯ ಅರಸ ನಾಲ್ಕನೆಯ ಹೆನ್ರಿಯು ಮೂರು ದಿನ ಬರಿಗಾಲಿನಲ್ಲಿ ಕ್ಷಮೆಗಾಗಿ ಕಾದು ನಿಂತಾಗ, ಒಳಗಿದ್ದ ಏಳನೆಯ ಗ್ರೆಗರಿಯು ದಾಸರ ದಾಸನೇ ಆಗಿದ್ದನು. ಹೆನ್ರಿಯ ಉದ್ಧಟತನವೂ ಅಲ್ಪವಾಗಿರಲಿಲ್ಲ. ಧರ್ಮದ ಪದವಿಗಳನ್ನು ಹಣಕ್ಕೆ ಮಾರುವ ಪಿಡುಗಿನ ವಿರುದ್ಧ ಈ ಗ್ರೆಗರಿಯು ಹೂಡಿದ ಹೋರಾಟವು ನ್ಯಾಯವಾದದ್ದೇ. ಅರಸನ ವಿನಯವು ಎಷ್ಟರದೆಂಬುದಕ್ಕೆ, ಕೆಲವೇ ವರ್ಷಗಳಲ್ಲಿ ಅವನು ದಂಡೆತ್ತಿ ಬಂದು 1084ರಲ್ಲಿ ರೋಮನ್ನು ಹಿಡಿದದ್ದು ಸಾಕ್ಷಿ. ಅಂತೂ ಆ ಹಿಮದಲ್ಲಿ ಕೋಟೆಯ ಒಳಗಿನ ದಾಸ್ಯವೂ ಹೊರಗಿನ ಪಶ್ಚಾತ್ತಾಪವೂ ರಾಜಕಾರಣದ ವೇಷಗಳಾಗಿದ್ದವು. 1302ರಲ್ಲಿ ಎಂಟನೆಯ ಬೋನಿಫಾಸನು ಹೊರಡಿಸಿದ ಪತ್ರವಂತೂ ಪ್ರತಿಯೊಬ್ಬ ಮನುಷ್ಯನೂ ಮುಕ್ತಿಗಾಗಿ ರೋಮಿನ ಪೋಪನಿಗೆ ಅಧೀನನಾಗಿರಲೇಬೇಕೆಂದು ಸಾರಿತು. ಲೋಕವೆಲ್ಲ ಅಧೀನವಾಗಬೇಕೆಂದು ವಿಧಿಸುವ ಪೀಠಕ್ಕೆ ದಾಸರ ದಾಸನೆಂಬ ಹೆಸರು.

ಇದನ್ನು ಕಂಡು ಸುಮ್ಮನಿರದವರೂ ಆ ಧರ್ಮದಲ್ಲಿಯೇ ಇದ್ದರೆಂಬುದು ಅದರ ಭಾಗ್ಯ. ಹನ್ನೆರಡನೆಯ ಶತಮಾನದಲ್ಲಿ, ನಮ್ಮ ಕಲ್ಯಾಣದಲ್ಲಿ ಶರಣರು ಕೂಡುತ್ತಿದ್ದ ಕಾಲಕ್ಕೆ ಸಮೀಪದಲ್ಲಿಯೇ, ಕ್ಲೇರ್‌ವೋ ಮಠದ ಬರ್ನಾರ್ಡನ ಶಿಷ್ಯನೊಬ್ಬನು ಮೂರನೆಯ ಯುಜೀನನೆಂಬ ಹೆಸರಿನಿಂದ ಪೋಪ್ ಪದವಿಗೇರಿದನು. ಬರ್ನಾರ್ಡನು ಅವನಿಗಾಗಿ ಒಂದು ಗ್ರಂಥವನ್ನೇ ಬರೆದು, ರೇಷ್ಮೆ ಬಂಗಾರ ಬಿಳಿಯ ಕುದುರೆಗಳ ವಿಷಯದಲ್ಲಿ ನೀನು ಬೆಸ್ತನಾದ ಪೇತ್ರನ ಉತ್ತರಾಧಿಕಾರಿಯಲ್ಲ, ಚಕ್ರವರ್ತಿ ಕಾನ್‌ಸ್ಟಾಂಟೈನನ ಉತ್ತರಾಧಿಕಾರಿ ಎಂದು ನೇರವಾಗಿ ತಿಳಿಸಿದನು. ಪೀಠಸ್ಥನಿಗೆ ಹೀಗೆ ಬರೆಯಬಲ್ಲ ಒಬ್ಬನಾದರೂ ಇರುವುದು ಎಷ್ಟು ಪೀಠಗಳಿಗೆ ಲಭಿಸಿದ ಸೌಭಾಗ್ಯ?

ಬಿರುದಿನಿಂದ ವಿನಯವನ್ನು ಕಾಪಾಡಲಾಗದೆಂಬುದು ಇದರಿಂದ ತಿಳಿಯುತ್ತದೆ. ದಿನಚರಿಯಿಂದ ಕಾಪಾಡಬಹುದೆ? ಆರನೆಯ ಶತಮಾನದಲ್ಲಿ ಬೆನೆಡಿಕ್ಟನು ತನ್ನ ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯು ಈ ದಿಕ್ಕಿನ ಪ್ರಯತ್ನ. ಅದರಲ್ಲಿ ವಿನಯದ ಹನ್ನೆರಡು ಮೆಟ್ಟಿಲುಗಳ ದೀರ್ಘವಾದ ಅಧ್ಯಾಯವೊಂದಿದೆ. ನಮ್ಮ ಮನಸ್ಸನ್ನು ಅದಕ್ಕಿಂತ ಹೆಚ್ಚು ಹಿಡಿದದ್ದು ಅಡಿಗೆಮನೆಯನ್ನು ಕುರಿತ ಸಣ್ಣ ಅಧ್ಯಾಯ. ಕಾಯಿಲೆ ಅಥವಾ ಬಹು ಮುಖ್ಯವಾದ ಕಾರ್ಯದ ಹೊರತು ಯಾರಿಗೂ ಅಡಿಗೆಮನೆಯ ಸರದಿಯಿಂದ ವಿನಾಯಿತಿಯಿಲ್ಲ. ವಾರದ ಸರದಿ ಮುಗಿಸಿದವನು ಶನಿವಾರದಂದು ಎಲ್ಲವನ್ನೂ ಶುಚಿಮಾಡಿ, ಕೈಕಾಲು ಒರೆಸುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಮುಕ್ಕಾಗದಂತೆ ಉಗ್ರಾಣಿಗೆ ಒಪ್ಪಿಸಬೇಕು. ಸರದಿ ಮುಗಿಸಿದವನೂ ಆರಂಭಿಸುವವನೂ ಸೇರಿ ಎಲ್ಲರ ಕಾಲುಗಳನ್ನು ತೊಳೆಯಬೇಕು. ಮಠಕ್ಕೆ ಬಂದ ಅತಿಥಿಗಳ ಕಾಲುಗಳನ್ನು ಮಠಾಧಿಪತಿಯೂ ತೊಳೆಯಬೇಕು. ಭಾವೋದ್ರೇಕವಿಲ್ಲ, ಕಣ್ಣೀರಿಲ್ಲ, ಪಾತ್ರೆಯ ಲೆಕ್ಕವಿದೆ. ಅದಕ್ಕಿಂತ ದೊಡ್ಡದು ಮೂರನೆಯ ಅಧ್ಯಾಯದ ವಿಧಿ. ಮುಖ್ಯವಾದ ವಿಷಯ ಬಂದಾಗ ಅಧಿಪತಿಯು ಇಡೀ ಸಮುದಾಯವನ್ನು ಕೂಡಿಸಿ ಅಭಿಪ್ರಾಯ ಕೇಳಬೇಕು, ಏಕೆಂದರೆ ಉತ್ತಮವಾದುದನ್ನು ದೇವರು ಅನೇಕ ಸಲ ಎಲ್ಲರಿಗಿಂತ ಕಿರಿಯನಿಗೆ ತೋರಿಸುತ್ತಾನೆ. ಕೊನೆಯ ನಿರ್ಣಯ ಅಧಿಪತಿಯದೇ. ಆದರೆ ಕೇಳಿದ ಮೇಲೆ. ಕಾಲು ತೊಳೆಯುವುದಕ್ಕಿಂತಲೂ ಕಿರಿಯನ ಮಾತಿಗೆ ಕಿವಿಗೊಡುವುದು ಅಧಿಪತಿಗೆ ಹೆಚ್ಚು ಕಷ್ಟವೆಂದು ಬೆನೆಡಿಕ್ಟನು ಬಲ್ಲವನಾಗಿದ್ದನೆಂದು ತೋರುತ್ತದೆ.

ಅಸ್ಸೀಸಿಯ ಫ್ರಾನ್ಸಿಸನು ಇನ್ನೂ ಮುಂದಕ್ಕೆ ಹೋದನು. ತನ್ನ ಸಂಘಕ್ಕೆ ಕಿರಿಯ ಸೋದರರೆಂದು ಹೆಸರಿಟ್ಟು, ಹಿರಿಯರೆಂಬ ಅರ್ಥದ ಪದವಿನಾಮವನ್ನು ನಿಷೇಧಿಸಿ, ಮೇಲ್ವಿಚಾರಕರನ್ನು ಅದೇ ಹಳೆಯ ಮಿನಿಸ್ಟರ್ ಶಬ್ದದಿಂದ ಕರೆಸಿದನು. 1220ರಲ್ಲಿ, ಸಂಘವು ಸಾವಿರಾರು ಜನರನ್ನು ಸೆಳೆಯುತ್ತಿದ್ದಾಗ, ಅದರ ಆಡಳಿತವನ್ನು ಬಿಟ್ಟುಕೊಟ್ಟು ತಾನೇ ಹುಟ್ಟುಹಾಕಿದ ಸಂಘದಲ್ಲಿ ಇನ್ನೊಬ್ಬರ ಆಜ್ಞೆಗೆ ಒಳಪಟ್ಟು ಆರು ವರ್ಷ ಬಾಳಿ ತೀರಿಕೊಂಡನು. ಆ ಆರು ವರ್ಷಗಳಲ್ಲಿ ಸಂಘವು ತನಗೆ ಒಪ್ಪಿಗೆಯಿಲ್ಲದ ದಿಕ್ಕಿಗೆ ಸರಿಯುವುದನ್ನು ಅವನು ಕಾಣಬೇಕಾಯಿತು. ಸ್ಥಾಪಕರಾದವರಿಗೆ ಇದಕ್ಕಿಂತ ದೊಡ್ಡ ತಪಸ್ಸು ಬೇರೆ ಇಲ್ಲ.

ಇಂಗ್ಲೆಂಡಿನ ಅರಸರು ಈಸ್ಟರಿಗೆ ಮುಂಚಿನ ಗುರುವಾರ ಬಡವರ ಕಾಲು ತೊಳೆಯುತ್ತಿದ್ದರು. ಕ್ರಮೇಣ ಅದು ನಿಂತುಹೋಗಿ, ಈಗ ಅರಸನ ವಯಸ್ಸಿನಷ್ಟು ಸಂಖ್ಯೆಯ ವೃದ್ಧ ಸ್ತ್ರೀಪುರುಷರಿಗೆ ಚೀಲದಲ್ಲಿ ನಾಣ್ಯಗಳನ್ನು ಹಂಚುತ್ತಾರೆ. ಹೆಚ್ಚು ಹೇಳಬೇಕಾದುದಿಲ್ಲ. ನೀರಿಗಿಂತ ನಾಣ್ಯ ಕೊಡುವುದು ಸುಲಭ, ಬಾಗಬೇಕಾಗಿಲ್ಲ.

ಕ್ರೈಸ್ತರ ಸೇವೆಯು ನಮ್ಮ ದೇಶಕ್ಕೆ ಬಂದ ಬಗೆಯಲ್ಲಿಯೂ ಈ ಪ್ರಶ್ನೆ ಹಿಂಬಾಲಿಸಿತು. ಶಾಲೆ, ಆಸ್ಪತ್ರೆ, ಮುದ್ರಣಾಲಯಗಳಲ್ಲಿ ಮಿಷನರಿಗಳು ಪಟ್ಟ ಶ್ರಮವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಂಡ್ ಕಿಟ್ಟೆಲರು ಬೋಧಿಸಲು ಬಂದವರು. ಆದರೆ ಅವರ ಆಯುಷ್ಯದ ಬಹುಭಾಗ ಕಳೆದದ್ದು ಕಲಿಯುವುದರಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನ ಸುಮಾರು 70,000 ಶಬ್ದಗಳ ಹಿಂದೆ, ನಮ್ಮ ಜನರ ಎದುರು ವಿದ್ಯಾರ್ಥಿಯಾಗಿ ಕುಳಿತು, ಇದಕ್ಕೇನೆನ್ನುತ್ತೀರಿ, ಅದಕ್ಕೇನೆನ್ನುತ್ತೀರಿ ಎಂದು ಕೇಳುತ್ತ ಹೋದ ದಶಕಗಳಿವೆ. ಮತಪ್ರಚಾರದ ವಿಷಯದಲ್ಲಿ ಅವರೊಡನೆ ನಮಗೆ ಏನೇ ಭಿನ್ನಾಭಿಪ್ರಾಯವಿರಲಿ, ಕೊಡಲು ಬಂದವನು ಮೊದಲು ಕೈಯೊಡ್ಡಬೇಕೆಂಬುದನ್ನು ಅವರು ಮಾಡಿ ತೋರಿಸಿದರು.

ಎಲ್ಲರೂ ಹಾಗಿರಲಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದವರು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಾಯರು. 1910ರ ಜೂನ್ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಸೇರಿದ ವಿಶ್ವ ಮಿಷನರಿ ಸಮ್ಮೇಳನದ ಸುಮಾರು 1200 ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಯವರು. ಆ ಸಭೆಯಲ್ಲಿ ಎದ್ದುನಿಂತ ಮೂವತ್ತೈದು ವರ್ಷಗಳ ಈ ತರುಣರು ಮಿಷನರಿಗಳ ತ್ಯಾಗವನ್ನು ಮನಸಾರೆ ಸ್ಮರಿಸಿದರು. ನೀವು ನಿಮ್ಮ ಸ್ವತ್ತನ್ನು ಬಡವರಿಗಾಗಿ ಕೊಟ್ಟಿರಿ, ದೇಹವನ್ನೇ ಕೊಟ್ಟಿರಿ ಎಂಬ ಅರ್ಥದ ಮಾತುಗಳನ್ನಾಡಿದರು. ಬಳಿಕ, ನಾವು ಪ್ರೀತಿಯನ್ನೂ ಕೇಳುತ್ತೇವೆ, ಸ್ನೇಹಿತರನ್ನು ಕೊಡಿ ಎಂದು ಕೇಳಿದರು. ಒಂದೇ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದರೂ ಬಿಳಿಯ ಮಿಷನರಿಗೂ ಭಾರತೀಯ ಸಹೋದ್ಯೋಗಿಗೂ ಇರುವ ಸಂಬಂಧ ಸ್ನೇಹದ್ದಾಗಿರಲಿಲ್ಲವೆಂಬುದು ಅವರ ವ್ಯಥೆ. ಸಭೆಯಲ್ಲಿ ಹಲವರು ಕಸಿವಿಸಿಗೊಂಡರು. ಎರಡು ವರ್ಷಗಳ ಮೇಲೆ, 1912ರಲ್ಲಿ, ಅಜರಾಯರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾಗಿ ದೋರ್ನಕಲ್ಲಿಗೆ ನಿಯಮಿತರಾದರು.

ಅಜರಾಯರ ಮಾತು ನಮ್ಮ ಪ್ರಶ್ನೆಯ ಮರ್ಮವನ್ನು ಮುಟ್ಟುತ್ತದೆ. ಒಬ್ಬನು ಜೀವಮಾನವಿಡೀ ಇನ್ನೊಬ್ಬನ ಸೇವೆ ಮಾಡಬಹುದು. ಅವನ ಹುಣ್ಣಿಗೆ ಮದ್ದು ಹಚ್ಚಬಹುದು, ಮಕ್ಕಳಿಗೆ ಅಕ್ಷರ ಕಲಿಸಬಹುದು. ಆದರೂ ಅವನನ್ನು ತನ್ನ ಸಮಕ್ಕೆ ಬರಗೊಡದೆ ಇರಬಹುದು. ಅಂಥ ಸೇವೆಯಲ್ಲಿ ಬಾಗುವುದು ಬೆನ್ನು ಮಾತ್ರ. ಸೇವೆಗೊಳಗಾದವನು ಎಂದೆಂದಿಗೂ ಸೇವೆಗೊಳಗಾದವನಾಗಿಯೇ ಉಳಿಯಬೇಕು, ಇಲ್ಲವಾದರೆ ಸೇವಕನ ಪುಣ್ಯಕ್ಕೆ ಕ್ಷೇತ್ರವೆಲ್ಲಿ? ಕಾಲು ತೊಳೆದ ಆ ರಾತ್ರಿಯ ಸಂಭಾಷಣೆಯಲ್ಲಿಯೇ, ಎರಡು ಅಧ್ಯಾಯಗಳ ಮುಂದೆ, ಯೇಸು ಶಿಷ್ಯರಿಗೆ ಇನ್ನು ಮೇಲೆ ನಿಮ್ಮನ್ನು ದಾಸರೆಂದು ಕರೆಯುವುದಿಲ್ಲ, ಸ್ನೇಹಿತರೆಂದು ಕರೆದಿದ್ದೇನೆ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ದಾಸನಿಗೆ ಒಡೆಯನ ಕಾರ್ಯ ತಿಳಿಯದು, ಸ್ನೇಹಿತನಿಗೆ ತಿಳಿಯುತ್ತದೆ ಎಂಬುದು ಅಲ್ಲಿ ಕೊಟ್ಟ ಕಾರಣ. ಅಂದಮೇಲೆ ಕಾಲು ತೊಳೆಯುವಿಕೆಯು ದಾರಿ, ಸ್ನೇಹವು ಊರು. ದಾರಿಯಲ್ಲಿಯೇ ಮನೆ ಕಟ್ಟಿಕೊಂಡವರಿಗೆ ಅಜರಾಯರು ಊರಿನ ನೆನಪು ಮಾಡಿಕೊಟ್ಟರು.

ಇಷ್ಟರಲ್ಲಿಯೇ ನಿಲ್ಲಿಸಬಹುದಾಗಿತ್ತು. ಆದರೆ ಈಚಿನ ವರ್ಷಗಳಲ್ಲಿ ಬೆಳಕಿಗೆ ಬಂದ ಒಂದು ಸಂಗತಿಯನ್ನು ಬಿಟ್ಟು ಈ ವಿಷಯವನ್ನು ಬರೆಯುವುದು ಪ್ರಾಮಾಣಿಕತೆಯಾಗದು. ಜೀನ್ ವಾನಿಯೇ ಎಂಬ ಕೆನಡಾದ ಗೃಹಸ್ಥರು ನೌಕಾಪಡೆಯನ್ನು ಬಿಟ್ಟು, ಅರಿಸ್ಟಾಟಲನ ನೀತಿಶಾಸ್ತ್ರವನ್ನು ಕುರಿತು ಡಾಕ್ಟರೇಟ್ ಪಡೆದು, 1964ರಲ್ಲಿ ಫ್ರಾನ್ಸಿನ ಟ್ರೋಲಿ ಎಂಬ ಹಳ್ಳಿಯಲ್ಲಿ ಬುದ್ಧಿಮಾಂದ್ಯರೆನಿಸಿದ ಇಬ್ಬರೊಡನೆ ಒಂದೇ ಮನೆಯಲ್ಲಿ ವಾಸಿಸತೊಡಗಿದರು. ಅದರಿಂದ ಲಾರ್ಷ್ ಎಂಬ ಸಂಸ್ಥೆ ಬೆಳೆದು ಮೂವತ್ತಕ್ಕೂ ಹೆಚ್ಚು ದೇಶಗಳಿಗೆ ಹರಡಿತು. 1970ರಲ್ಲಿ ಬೆಂಗಳೂರಿನಲ್ಲಿ ಅದರ ಮನೆಯಾದ ಆಶಾ ನಿಕೇತನವು ಆರಂಭವಾಯಿತು. ಈ ಮನೆಗಳಲ್ಲಿ ಒಬ್ಬರ ಕಾಲನ್ನೊಬ್ಬರು ತೊಳೆಯುವ ವಿಧಿಗೆ ದೊಡ್ಡ ಸ್ಥಾನವಿದೆ. ವಾನಿಯೇ ಅದನ್ನು ಕುರಿತೇ ಒಂದು ಪುಸ್ತಕವನ್ನು ಬರೆದಿದ್ದರು. ಲೋಕವು ಅವರನ್ನು ಜೀವಂತ ಸಂತರೆಂದು ಕೊಂಡಾಡಿತು. 2019ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ಮೇಲೆ, ಸಂಸ್ಥೆಯೇ ನಡೆಸಿದ ವಿಚಾರಣೆಯ ಫಲಿತಾಂಶಗಳು 2020ರಲ್ಲಿಯೂ 2023ರಲ್ಲಿಯೂ ಪ್ರಕಟವಾದವು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ದಶಕಗಳ ಕಾಲ ಕನಿಷ್ಠ 25 ಮಂದಿ ಸ್ತ್ರೀಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರೆಂದು ಎರಡನೆಯ ವರದಿ ತಿಳಿಸಿತು.

ಇದನ್ನು ಓದಿ ಎಲ್ಲ ಸೇವೆಯೂ ಬೂಟಾಟಿಕೆಯೆಂದು ತೀರ್ಮಾನಿಸುವುದು ಸುಲಭ. ಅದು ಸೋಮಾರಿಯ ತೀರ್ಮಾನ. ಅಂಗವಿಕಲರೊಡನೆ ಸಮಾನವಾಗಿ ಬಾಳುವ ಆ ಮನೆಗಳು ಸುಳ್ಳಾಗಿರಲಿಲ್ಲ; ಅಲ್ಲಿ ಇಂದಿಗೂ ಜನ ಬಾಳುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆ ಬೇರೆಯದು. ಅಷ್ಟು ದೀರ್ಘಕಾಲ ಅದು ಹೇಗೆ ನಡೆಯಿತು? ಅವರ ವಿನಯದ ಖ್ಯಾತಿಯೇ ಅವರ ಕೋಟೆಯಾಗಿತ್ತು. ಗರ್ವಿಷ್ಠನಾದ ಅಧಿಕಾರಿಯ ಮೇಲೆ ದೂರು ಹೇಳಿದರೆ ಜನ ನಂಬುತ್ತಾರೆ. ಎಲ್ಲರ ಕಾಲು ತೊಳೆಯುವವನ ಮೇಲೆ ದೂರು ಹೇಳುವವಳನ್ನು ಯಾರು ನಂಬುತ್ತಾರೆ? ಅವಳು ತನ್ನನ್ನು ತಾನೇ ನಂಬುವುದೂ ಕಷ್ಟ. ಪೇತ್ರನಿಗೆ ಒಲ್ಲೆನೆನ್ನುವ ಎಡೆಯಿತ್ತು. ಇವರಿಗೆ ಆ ಎಡೆ ಇರಲಿಲ್ಲ. ವಿನಯದ ಪರೀಕ್ಷೆಯು ಬಾಗುವವನ ಭಂಗಿಯಲ್ಲಿಲ್ಲ, ಅವನೆದುರು ಕುಳಿತವರ ನಾಲಿಗೆಯಲ್ಲಿದೆ ಎಂದು ನಮಗೆ ತೋರುವುದು ಇದರಿಂದಲೇ. ಅವರು ಇಲ್ಲವೆನ್ನಬಲ್ಲರೆ? ಎಂದರೆ ಯಾರಾದರೂ ಕೇಳಿಸಿಕೊಳ್ಳುತ್ತಾರೆಯೆ? ತಮ್ಮ ಸ್ಥಾಪಕನ ಮೇಲಿನ ವಿಚಾರಣೆಯನ್ನು ತಾವೇ ನಡೆಸಿ, ಫಲಿತಾಂಶವನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಆ ಸಂಸ್ಥೆಯವರು ಸ್ಥಾಪಕನು ಪುಸ್ತಕದಲ್ಲಿ ಬರೆದ ವಿನಯಕ್ಕಿಂತ ದೊಡ್ಡದನ್ನು ಮಾಡಿದರು. ತಮ್ಮ ಹಿರಿಯರ ಕೀರ್ತಿಗಾಗಿ ಕಿರಿಯರ ನೋವನ್ನು ಹೂಳುವುದನ್ನೇ ಧರ್ಮರಕ್ಷಣೆಯೆಂದು ತಿಳಿದ ಸಂಸ್ಥೆಗಳು ಕ್ರೈಸ್ತರಲ್ಲಿಯೂ ಇವೆ, ಇತರರಲ್ಲಿಯೂ ಇವೆ.

ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಪವಿತ್ರ ಗುರುವಾರದಂದು ಕಾಲು ತೊಳೆಯುವ ವಿಧಿಗೆ ಕೆಥೋಲಿಕ ಸಭೆಯ ನಿಯಮವು ಪುರುಷರನ್ನು ಮಾತ್ರ ಒಪ್ಪುತ್ತಿತ್ತು. 2013ರ ಮಾರ್ಚ್ 28ರಂದು, ಪೀಠವೇರಿ ಹದಿನೈದು ದಿನವಾಗಿದ್ದ ಪೋಪ್ ಫ್ರಾನ್ಸಿಸರು ರೋಮಿನ ಕಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಹನ್ನೆರಡು ಮಂದಿಯ ಕಾಲುಗಳನ್ನು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸಲ್ಮಾನರೂ ಇದ್ದರು. ನಿಯಮ ಮುರಿಯಿತೆಂದು ಸಂಪ್ರದಾಯಸ್ಥರು ಗೊಣಗಿದರು. 2016ರ ಜನವರಿಯಲ್ಲಿ ನಿಯಮವನ್ನೇ ತಿದ್ದಲಾಯಿತು. ಅಂದಿನಿಂದ ಆ ವಿಧಿಗಾಗಿ ಅವರು ಬಹಳ ಸಲ ಬಂದೀಖಾನೆಗಳನ್ನೇ ಆರಿಸಿಕೊಂಡರು. ಛಾಯಾಚಿತ್ರಗ್ರಾಹಕರ ಎದುರು ಮಾಡಿದ ಕಾರ್ಯದಲ್ಲಿ ಎಷ್ಟು ವಿನಯ, ಎಷ್ಟು ಪ್ರದರ್ಶನ ಎಂದು ಕೇಳುವವರಿದ್ದರು. ಕೇಳತಕ್ಕ ಪ್ರಶ್ನೆಯೇ.

2025ರಲ್ಲಿ ಅವರು ನ್ಯುಮೋನಿಯದಿಂದ ಐದು ವಾರ ಆಸ್ಪತ್ರೆಯಲ್ಲಿದ್ದು ಹೊರಬಂದಿದ್ದರು. ಏಪ್ರಿಲ್ 17ರ ಪವಿತ್ರ ಗುರುವಾರದಂದು ಎಂಬತ್ತೆಂಟು ವರ್ಷಗಳ ಆ ವೃದ್ಧರನ್ನು ಗಾಲಿಕುರ್ಚಿಯಲ್ಲಿ ರೋಮಿನ ರೆಜೀನ ಚೇಲಿ ಬಂದೀಖಾನೆಗೆ ಕರೆತಂದರು. ಸುಮಾರು ಎಪ್ಪತ್ತು ಕೈದಿಗಳು ಕೂಡಿದ್ದರು. ಬಾಗುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಪ್ರತಿವರ್ಷದಂತೆ ಕಾಲು ತೊಳೆಯುವುದು ಈ ವರ್ಷ ತಮ್ಮಿಂದಾಗದು, ಆದರೆ ಜತೆಗಿರಬೇಕೆಂದು ಬಂದಿದ್ದೇನೆ ಎಂಬ ಅರ್ಥದ ಮಾತನ್ನು ಕ್ಷೀಣವಾದ ಧ್ವನಿಯಲ್ಲಿ ಹೇಳಿದರು. ಬೋಗುಣಿಯಿಲ್ಲ, ನೀರಿಲ್ಲ. ಅರ್ಧ ಗಂಟೆ ಕುಳಿತಿದ್ದು, ಕೈದಿಗಳು ಒಬ್ಬೊಬ್ಬರಾಗಿ ಬಂದು ಮಾತನಾಡಿಸಿದುದನ್ನು ಕೇಳಿಸಿಕೊಂಡು ಹಿಂದಿರುಗಿದರು. ಅದಾದ ನಾಲ್ಕನೆಯ ದಿನ ಅವರು ತೀರಿಕೊಂಡರು.